ಗಡಿಯ ಕುಲುಕು

ನವೆಂಬರ್ ಹದಿನಾಲ್ಕು, ಗುರುವಾರ.

ಕಾಗದಕ್ಕೆ ಕೂತರೆ ಕೈ ಓಡುತ್ತಿಲ್ಲ. ಪಕ್ಕದ ರಾಜ್ಯದವರು ಹೆದ್ದಾರಿಯ ರೊಟೀನ್ ಮೇಂಟೆನೆನ್ಸಿಗೆ ಕಿಲೋಮೀಟರಿಗೆ ಎಷ್ಟು ಹಾಕುತ್ತಾರೆ, ನಿಮ್ಮದು ಅದರ ಅರ್ಧವೂ ಇಲ್ಲವಲ್ಲ ಅಂತ ಹನ್ನೊಂದು ವರ್ಷ ಇಲಾಖೆಗೆ ದೂರು ಬರೆದವನು ನಾನು. ಈ ವರ್ಷದ ಅಂಕಿಅಂಶ ಬಂದಿದೆ. ನಮ್ಮವರದೂ ಈಗ ಅವರಷ್ಟೇ.

ನಂಬಿಕೆ ಬರದೆ ಇವತ್ತು ಬಸ್ಸಿನಲ್ಲಿ ಗಡಿಯಾಚೆ ಹೋಗಿಬಂದೆ.

ಮೊದಲೆಲ್ಲ ಆಚೆಯ ಮಗಳ ಮನೆಯಿಂದ ಹಿಂದಿರುಗುವಾಗ ನನ್ನ ಹೆಂಡತಿ ಭುಜಕ್ಕೊರಗಿ ನಿದ್ದೆ ಹೋಗುತ್ತಿದ್ದಳು. ಗಡಿ ದಾಟಿದ್ದೇ ಬಸ್ಸು ಕುಲುಕಿ, ತಲೆ ನನಗೆ ಬಡಿದು, ಕಣ್ಣು ಮುಚ್ಚಿಕೊಂಡೇ ಹೇಳುವಳು: "ಬಂತು ನೋಡಿ ನಿಮ್ಮ ಸರ್ಕಾರ! ನಾಳೇನೇ ಒಂದು ಕಾಗದ ಬರೀರಿ."

ಅವಳು ಹೋಗಿ ಎರಡು ವರ್ಷ. ಇವತ್ತು ವಾಪಸು ಬರುವಾಗಲೂ ಆ ಕುಲುಕಿಗೆ ಭುಜ ಗಟ್ಟಿ ಮಾಡಿಕೊಂಡು ಕೂತಿದ್ದೆ.

"ಯಜಮಾನ್ರೇ, ನಿಮ್ಮ ಸ್ಟಾಪು ಆಗ್ಲೇ ಹೋಯ್ತಲ್ಲ!" ಅಂದ ಕಂಡಕ್ಟರು.

"ಇನ್ನೂ ಗಡೀನೇ ಬಂದಿಲ್ವಲ್ಲಪ್ಪ."

"ಗಡಿ ದಾಟಿ ಅರ್ಧ ಗಂಟೆ ಆಯ್ತು. ಒಳ್ಳೇ ನಿದ್ದೆ ನಿಮ್ದು!"

ನಿದ್ದೆಯಲ್ಲ. ಎರಡು ಮೈಲಿ ವಾಪಸು ನಡೆದೆ.

ಬೈದವನು ಹೊಗಳಲೂ ಬೇಕು, ಅದು ನ್ಯಾಯ. ಕಾಲೇಜಿನಲ್ಲಿ ಕಲಿತ ಇಂಗ್ಲಿಷಿನಲ್ಲಿ 'ಐ ಯಾಮ್ ವೆರಿ ಹ್ಯಾಪಿ ಟು' ಅಂತ ಶುರು ಮಾಡಿದೆ, ಮುಂದಕ್ಕೆ ಹೋಗುತ್ತಿಲ್ಲ. ಕನ್ನಡದಲ್ಲೇ ಬರೆದೇನು: ಸ್ವಾಮಿ, ರಸ್ತೆ ಚೆನ್ನಾಗಿದೆ. ಆದರೆ ಆ ಗಡಿಯಲ್ಲಿ ಒಂದೇ ಒಂದು ಗುಂಡಿ ಹಾಗೇ ಬಿಟ್ಟಿದ್ದಿದ್ದರೆ...