ಬಲಗೈ ಕೂಡುವ ಮುಂಚೆ

ಮಹಡಿ ಮನೆ, ಕಿಟಕಿ ಪಕ್ಕದ ಕುರ್ಚಿಯಿಂದ
ಹದಿನಾಲ್ಕನೇ ತಾರೀಖು, ಮಂಗಳವಾರ

ಪ್ರೀತಿಯ ತಮ್ಮಾ, ರಣಧೀರಾ,

ಎಲ್ಲಿದ್ದೀಯೋ, ಹೇಗಿದ್ದೀಯೋ? ಲಾರಿಯೊಳಗೇ ಮಲಗುತ್ತೀಯಂತೆ, ಎರಡು ಹೊತ್ತೂ ಬರೀ ಬನ್ನು ತಿನ್ನುತ್ತೀಯಂತೆ. ನಿನ್ನ ಜೊತೆಯ ಡ್ರೈವರ್ ಹೇಳಿದ. ಹೊಟ್ಟೆ ಕೆಡಿಸಿಕೊಳ್ಳಬೇಡ. ಸಿಟ್ಟು ಮತ್ತು ಭೇದಿ ಎರಡೂ ಒಟ್ಟಿಗೇ ಬರುವುದು ಹುಟ್ಟಿದಾಗಿನಿಂದ ನಿನಗಿರುವ ಅಭ್ಯಾಸ. ಅವನ ಕೈಯಲ್ಲಿ ನೀನು ಕಳಿಸಿದ ಚೀಟಿಯಲ್ಲಿ ಇದ್ದದ್ದು ಒಂದೇ ಮಾತು: ‘ಸತ್ತನಾ?’ ‘ಅಕ್ಕಾ, ನೀನು ಹೇಗಿದ್ದೀಯ’ ಅಂತ ಒಂದಕ್ಷರ ಇಲ್ಲ. ಇರಲಿ. ಸತ್ತಿಲ್ಲ. ಕೆಳಗಿನ ಮನೆಯ ಮಾಂಸದಂಗಡಿಯವನನ್ನು, ನಾವಿಬ್ಬರೂ ಸೇರಿ ಗುಡಾಣ ಎಂದು ನಾಮಕರಣ ಮಾಡಿದ ಆ ಮಹಾಶಯನನ್ನು, ಕೊಲ್ಲುವುದು ನಿನ್ನಂಥ ಒಬ್ಬನಿಂದ ಆಗುವ ಕೆಲಸವಲ್ಲ. ಬಲ ಭುಜದ ಮೂಳೆ ಎರಡು ತುಂಡಾಗಿದೆ. ಕಿವಿ ಹರಿದು ಹೊಲಿಗೆ ಬಿದ್ದಿದೆ. ಹಣೆಯ ಮೇಲೆ ನಮ್ಮ ಇದ್ದಿಲು ಇಸ್ತ್ರಿ ಪೆಟ್ಟಿಗೆಯ ಮೂತಿ ಅಚ್ಚೊತ್ತಿದ ಹಾಗಿದೆ. ಬಾಯಿಗೆ ಮಾತ್ರ ಏನೂ ಆಗಿಲ್ಲ, ಅದೇ ಬೀದಿಯವರ ದುಃಖ.

ಹೊಡೆಯುವ ಮೊದಲು ಕೇಳುವ ಪದ್ಧತಿ ನಮ್ಮ ಮನೆತನದಲ್ಲಿ ಇಲ್ಲ. ಹೊಡೆದ ಮೇಲಾದರೂ ಕೇಳು. ನನ್ನ ಸ್ನಾಯುಗಳು ವರ್ಷಕ್ಕಿಷ್ಟು ಎಂದು ರಾಜೀನಾಮೆ ಕೊಡುತ್ತಿರುವುದು ನಿನಗೆ ಗೊತ್ತು. ಆದರೆ ನೀನು ಬಂದಾಗಲೆಲ್ಲ ನಾನು ಮಹಾರಾಣಿಯಂತೆ ಕೂತು ಟೈಲರ್ ಕೊಟ್ಟ ಅಂಗಿಗಳಿಗೆ ಕಾಜಾ ಹೊಲಿಯುತ್ತಿರುತ್ತಿದ್ದೆ. ನಾನು ಏಳುವುದನ್ನು ನೀನು ನೋಡಿಲ್ಲ. ಏಳುವುದೆಂದರೆ ಕುಸ್ತಿ. ಕುರ್ಚಿಯ ಕಾಲುಗಳ ಕೆಳಗೆ ಮರದ ದಿಮ್ಮಿ ಕೊಟ್ಟು ಎತ್ತರಿಸಿದ್ದೇನೆ. ಮೊಣಕಾಲಿಗೆ ಕೈಯೂರಿ, ನನ್ನ ತೊಡೆಯನ್ನು ನಾನೇ ಏಣಿಯ ಹಾಗೆ ಹತ್ತಿ, ಸೊಂಟವನ್ನು ಬೈದು ನೇರ ಮಾಡಬೇಕು. ಆಮೇಲೆ ಗೋಡೆ. ಈ ಮನೆಯ ಗೋಡೆಗಳನ್ನು ನಾನು ಅಪ್ಪಿಕೊಂಡಷ್ಟು ಯಾವ ಹೆಂಡತಿಯೂ ಗಂಡನನ್ನು ಅಪ್ಪಿಕೊಂಡಿರಲಾರಳು. ಇಷ್ಟಾದರೂ ಮೊಣಕಾಲು ಹೇಳದೆ ಕೇಳದೆ ಮಡಚಿಕೊಳ್ಳುತ್ತದೆ, ಯಾರೋ ಹಿಂದಿನಿಂದ ದೊಣ್ಣೆಯಲ್ಲಿ ಬಾರಿಸಿದ ಹಾಗೆ. ಹೊಸ್ತಿಲು ನನ್ನ ಎರಡು ಹಲ್ಲು ತಿಂದಿದೆ. ಬಚ್ಚಲ ನಲ್ಲಿ ಹುಬ್ಬು ಸೀಳಿದೆ. ನಮ್ಮ ನೆಲ ಕುಡಿದಷ್ಟು ರಕ್ತವನ್ನು ಗುಡಾಣನ ಅಂಗಡಿಯ ಮರದ ಕೊರಡೂ ಕುಡಿದಿಲ್ಲ.

ಬಿದ್ದವಳನ್ನು ಎತ್ತುವುದು ಇನ್ನೊಂದು ಯುದ್ಧ. ದಯಾವಂತರು ಓಡಿಬಂದು ಕಂಕುಳಿಗೆ ಕೈ ಹಾಕುತ್ತಾರೆ. ಭುಜದಲ್ಲಿ ಹಿಡಿತವಿಲ್ಲವಲ್ಲ, ತೋಳು ಮೇಲಕ್ಕೆ ಹಾರುತ್ತದೆ, ನಾನು ಒದ್ದೆ ಸೋಪಿನ ಹಾಗೆ ಅವರ ಕೈಯಿಂದ ಜಾರಿ ಮತ್ತೆ ನೆಲಕ್ಕೆ. ಒಬ್ಬ ಪುಣ್ಯಾತ್ಮ ಮತ್ತೆ ಮತ್ತೆ ಎತ್ತಿ, ಮತ್ತೆ ಮತ್ತೆ ಬೀಳಿಸಿ, ‘ಥ್ಯಾಂಕ್ಸ್ ಎಲ್ಲ ಬೇಡಮ್ಮಾ’ ಅಂದು ಹೋದ. ಗುಡಾಣನೂ ಮೊದಮೊದಲು ಹಾಗೇ ಬೀಳಿಸಿದವನೇ. ನನ್ನ ಬೈಗುಳ ತಿಂದು ತಿಂದು ದಾರಿಗೆ ಬಂದ. ನನ್ನ ಬೆನ್ನ ಹಿಂದೆ ನೆಲದ ಮೇಲೆ ಕೂರಬೇಕು, ಪಕ್ಕೆಲುಬಿನ ಕೆಳಗೆ ಎರಡೂ ಕೈ ಬೀಗ ಹಾಕಬೇಕು, ತನ್ನ ಮೊಣಕಾಲನ್ನು ನನ್ನ ಅಡಿಗೆ ತುರುಕಿ ಒಂದೇ ಎಳೆತಕ್ಕೆ ಎಬ್ಬಿಸಬೇಕು. ನಾನು ಕಿರುಚಬೇಕು, ಕಿರುಚಿದರೆ ನಡುವಿಗೆ ತುಸು ಬಲ ಬರುತ್ತದೆ. ‘ಕೊಲ್ಲೋ, ಕೊಂದ್ಬಿಡೋ ಕಟುಕಾ’ ಅಂತ ನಾನು. ‘ಹಂಗಾದ್ರೆ ಸಾಯಿ, ಸಾಯಿ’ ಅಂತ ಅವನು. ಎರಡನೇ ‘ಸಾಯಿ’ಗೆ ಎತ್ತುತ್ತಾನೆ. ಅದು ನಮ್ಮಿಬ್ಬರ ತಾಳ.

ನೀನು ಬಾಗಿಲು ತಳ್ಳಿದ್ದು ಸರಿಯಾಗಿ ಎರಡನೇ ‘ಸಾಯಿ’ಗೆ. ಬಚ್ಚಲ ಬಾಗಿಲಲ್ಲಿ ಅಕ್ಕ, ತುಟಿಯೊಡೆದು ರಕ್ತ, ಹಿಂದಿನಿಂದ ಒಬ್ಬ ದಾಂಡಿಗ ಅಮುಕುತ್ತಿದ್ದಾನೆ. ಅವನ ಅಂಗಡಿ ಮುಂದೆ ಲಾರಿ ನಿಲ್ಲಿಸುವ ವಿಷಯದಲ್ಲಿ ನಿಮ್ಮಿಬ್ಬರಿಗೂ ಮೊದಲೇ ಎಣ್ಣೆ ಸೀಗೆಕಾಯಿ. ನಾನಾಗಿದ್ದರೂ ಹೊಡೆಯುತ್ತಿದ್ದೆ, ಒಪ್ಪಿದೆ. ಆದರೆ ಆ ಇಸ್ತ್ರಿ ಪೆಟ್ಟಿಗೆಯಲ್ಲಿ ಮೂರು ಸಲವಾ? ಮೊದಲನೆಯದಕ್ಕೆ ಕಿವಿ, ಎರಡನೆಯದಕ್ಕೆ ಹಣೆ, ಮೂರನೆಯದಕ್ಕೆ ಭುಜ ಲಟಕ್ಕೆಂದದ್ದು ನನ್ನ ಬೆನ್ನಿಗೇ ಕೇಳಿಸಿತು. ಅವನ ರಕ್ತ ನನ್ನ ಕುತ್ತಿಗೆಯಲ್ಲಿ ಬೆಚ್ಚಗೆ ಇಳಿಯಿತು. ಅವನ್ಯಾಕೆ ನಿನ್ನ ಕೈ ತಡೆಯಲಿಲ್ಲ ಎಂದು ನೀನು ಯೋಚಿಸಿದ್ದೀಯಾ? ತಡೆಯಬೇಕಾದರೆ ಕೈಯ ಬೀಗ ಬಿಡಬೇಕಿತ್ತು. ಬಿಟ್ಟಿದ್ದರೆ ನನ್ನ ತಲೆ ಕಲ್ಲಿಗೆ ಅಪ್ಪಳಿಸುತ್ತಿತ್ತು. ಎರಡು ಕೈಯನ್ನೂ ನನಗೆ ಕೊಟ್ಟು ಕೂತವನು ಮೂರು ಏಟನ್ನೂ ಮುಖ ಕೊಟ್ಟು ತಿಂದ. ಮೂಳೆ ಮುರಿದ ಮೇಲಷ್ಟೇ ಇಬ್ಬರೂ ಉರುಳಿದ್ದು, ಅವನು ಕೆಳಗೆ, ನಾನು ಮೇಲೆ. ಅಷ್ಟರಲ್ಲಿ ನೀನು ಮೆಟ್ಟಿಲಿಳಿದಾಗಿತ್ತು.

ಪೊಲೀಸರು ಬಂದರು. ನಾನೇ ಹೊಡೆದೆ ಎಂದೆ. ಪೇದೆ ನಕ್ಕಿದ್ದರೆ ಚೆನ್ನಾಗಿತ್ತು, ನಗಲಿಲ್ಲ. ಪೆಟ್ಟಿಗೆಯನ್ನು ನನ್ನ ಮಡಿಲಲ್ಲಿಟ್ಟು, ‘ಎಲ್ಲಿ, ಒಂದ್ಸಲ ಎತ್ತಿ ತೋರ್ಸಮ್ಮಾ’ ಅಂದ. ಎತ್ತಿದೆ. ಹೊಟ್ಟೆಯ ಮಟ್ಟಕ್ಕೆ ಬಂತು, ಅಲ್ಲೇ ನಡುಗಿತು, ವಾಪಸ್ಸು ಮಡಿಲಿಗೆ ಬಿತ್ತು. ಹೋದ ವರ್ಷ ಇದೇ ಪೆಟ್ಟಿಗೆಯಲ್ಲಿ ನಿನ್ನ ಅಂಗಿಗಳನ್ನೆಲ್ಲ ತೀಡಿದ್ದೆ ತಮ್ಮಾ. ಈ ರೋಗವೆಂಬ ಕಳ್ಳ ಕಾಲಿಗೆ ಬಂದಿದ್ದಾನೆಂದು ನಾನು ಕಾಲನ್ನೇ ಕಾಯುತ್ತಾ ಕೂತಿದ್ದೆ, ಅವನು ಹಿತ್ತಿಲಿಂದ ನುಗ್ಗಿ ತೋಳನ್ನೂ ದೋಚಿದ್ದ. ಸುಳ್ಳು ಹೇಳುವುದಕ್ಕೂ ಮೈಯಲ್ಲಿ ಕಸುವಿರಬೇಕು ಎಂದು ಅವತ್ತು ಗೊತ್ತಾಯಿತು.

ಪೇದೆ ಆಸ್ಪತ್ರೆಗೆ ಹೋಗಿ ಗುಡಾಣನನ್ನೇ ಕೇಳಿದ. ಪೆಟ್ಟಿಗೆ ಕಪಾಟಿನ ಮೇಲಿಂದ ಬಿತ್ತು ಅಂದನಂತೆ. ಮೂರು ಸಲ ಬಿತ್ತಾ ಅಂದರೆ, ‘ಹೂಂ ಸ್ವಾಮಿ, ಎತ್ತಿಟ್ಟಂಗೆಲ್ಲ ಬೀಳ್ತಿತ್ತು’. ಅವನ ದೊಡ್ಡ ಮನಸ್ಸಿಗೆ ಕಣ್ಣೀರು ಹಾಕಬೇಡ. ಯಾಕಪ್ಪಾ ಹಾಗಂದೆ ಎಂದು ನಾನು ಆಮೇಲೆ ವಿಚಾರಿಸಿದರೆ ಅವನ ಉತ್ತರ ಇದು: ‘ಪೊಲೀಸ್ನೋರೇ ಅವ್ನ ಹಲ್ಲೆಲ್ಲ ಉದುರಿಸಿಬಿಟ್ರೆ ನಂಗೇನಕ್ಕಾ ಉಳಿಯತ್ತೆ? ಅವ್ನು ನನ್ನ ಪಾಲು.’

ಅಲ್ಲಿಂದೀಚೆಗೆ ನನ್ನನ್ನು ಎತ್ತುತ್ತಿದ್ದವಳು ಅವನ ಹೆಂಡತಿ. ಒಂದೊಂದು ಸಲ ಎತ್ತುವಾಗಲೂ ನಿನ್ನ ವಂಶಕ್ಕೆ ಬೆಂಕಿ ಬೀಳಲಿ ಅನ್ನುತ್ತಿದ್ದಳು. ಆ ವಂಶದಲ್ಲಿ ನಾನೂ ಇದ್ದೇನಲ್ಲಮ್ಮಾ ಎಂದರೆ, ‘ನೀವು ಬಿದ್ದೇ ಇದ್ದೀರಲ್ಲ, ಇನ್ನೆಲ್ಲಿ ಬೆಂಕಿ’ ಅನ್ನುತ್ತಿದ್ದಳು. ಶನಿವಾರ ಅವಳ ಸೊಂಟವೂ ಹಿಡಿದುಕೊಂಡಿತು. ಅವತ್ತಿನಿಂದ ನಡುವಲ್ಲಿ ತೂತಿರುವ ಈ ಕುರ್ಚಿಯೇ ನನಗೆ ಹಾಸಿಗೆ, ಬಚ್ಚಲು, ಸಿಂಹಾಸನ. ರಾಜ್ಯಭಾರ ಕೂತಲ್ಲೇ ನಡೆಯುತ್ತಿದೆ.

ಬಿಸಿಯಾದದ್ದು ಏನಾದರೂ ತಿನ್ನು. ಇಳಿಜಾರಿನಲ್ಲಿ ಲಾರಿ ಓಡಿಸುವಾಗ ಸಿಟ್ಟು ಮಾಡಬೇಡ. ನೂರು ಕಾಲ ಬಾಳು, ಎರಡೂ ಕೈ ನೆಟ್ಟಗಿಟ್ಟುಕೊಂಡು.

ಇಂತಿ,
ಕೂತಲ್ಲಿಂದಲೇ ಹರಸುವ
ನಿನ್ನ ಅಕ್ಕ

ತಾ.ಕ.: ಈ ಕಾಗದ ಒಯ್ಯಬೇಕಾದ ಡ್ರೈವರ್ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಮುಗಿಸುತ್ತೇನೆ. ಗುಡಾಣನ ಜೊತೆ ಮಾತಾಡಿದ್ದೇನೆ. ಮೂರು ಏಟಿಗೆ ಮೂರು ಏಟು ಅಂದ; ಚೌಕಾಸಿ ಮಾಡಿ ಒಂದಕ್ಕೆ ಇಳಿಸಿದ್ದೇನೆ. ಅದಾದ ಮೇಲೆ ನನ್ನನ್ನು ಎತ್ತುವುದನ್ನು ಅವನೇ ನಿನಗೆ ಕಲಿಸುತ್ತಾನಂತೆ, ‘ಸಾಯಿ’ ಅನ್ನುವುದೂ ಸೇರಿ. ಡಾಕ್ಟರು ತಿಂಗಳ ಕೊನೆಗೆ ಅವನ ಬಲಗೈ ಕಟ್ಟು ಬಿಚ್ಚುತ್ತಾರೆ. ಅದು ಎಲುಬು ಕಡಿಯುವ ಕೈ. ಎಡಗೈಯಲ್ಲಿ ಅವನಿಗೆ ಚಮಚ ಹಿಡಿಯಲೂ ಬರುವುದಿಲ್ಲ. ಆದ್ದರಿಂದ ಕಟ್ಟು ಬಿಚ್ಚುವ ಮುಂಚೆ ಬಾ. ಆ ಎಡಗೈ ಏಟನ್ನು ಗೋಡೆ ಹಿಡಿದು ನಿಂತು ತಿನ್ನು, ಎಲ್ಲಿ ಹಿಡಿಯಬೇಕೆಂದು ನಾನು ತೋರಿಸುತ್ತೇನೆ. ಬೀಳಬೇಡ. ಬಿದ್ದರೆ ಎತ್ತುವವರು ಸದ್ಯಕ್ಕೆ ಇಲ್ಲಿ ಯಾರೂ ಇಲ್ಲ.