ಮಹತಿ ಟೈಪ್ ಮಾಡುತ್ತಿದ್ದಾಳೆ

ಆಗಸ್ಟ್ 18, ಸೋಮವಾರ, ಬೆಳಿಗ್ಗೆ 7.40

ಇವತ್ತಿನ ಎರಡೂ ಫೋಟೋ ಕಳಿಸಿದ್ದಾಯಿತು. ಮೊದಲು ನನ್ನ ಅಕೌಂಟಿನಿಂದ ಮಹತಿಗೆ — ಮೆಸ್ಸಿನ ಪುಟ್ಟು, ಕಡಲೆ. ಆಮೇಲೆ ಲಾಗ್ ಔಟ್, ಅವಳ ಹೆಸರಿನಲ್ಲಿ ಲಾಗ್ ಇನ್, ಅವಳಿಂದ ನನಗೆ — ಬರಿ ಗೋಡೆ. ಸ್ಟ್ರೀಕ್, ಅಂದರೆ ಬಿಡದೆ ಕಳಿಸಿದ ದಿನಗಳ ಲೆಕ್ಕ, 431. ಇಬ್ಬರೂ ದಿನಾ ಕಳಿಸಿದರೆ ಮಾತ್ರ ಹೆಸರಿನ ಪಕ್ಕ ಬೆಂಕಿ ಗುರುತು ಉಳಿಯುತ್ತದೆ. ಒಬ್ಬರು ತಪ್ಪಿಸಿದರೂ ಸೊನ್ನೆ.

ಮೋಸ ಅಲ್ಲ ಇದು. ನಾನೂ ಮಹತಿಯೂ ಇದ್ದ ಮೈಸೂರಿನ ಹಾಸ್ಟೆಲಿನಲ್ಲಿ ಎಲ್ಲರೂ ಮಾಡಿಸುತ್ತಿದ್ದದ್ದೇ. ನಮ್ಮ ಫೋನುಗಳು ವಾರ್ಡನ್ ಬೀರುವಿನಲ್ಲಿ. ಡೇ ಸ್ಕಾಲರ್ ಶಾಲಿನಿಯ ಕೆಮಿಸ್ಟ್ರಿ ರೆಕಾರ್ಡಿನ ಕೊನೆಯ ಪುಟದಲ್ಲಿ ಎಂಟು ಜನರ ಪಾಸ್‌ವರ್ಡ್; ಎಲ್ಲರ ಪರವಾಗಿ ಅವಳೇ ಕಳಿಸುತ್ತಿದ್ದಳು. ಈಗ ಮಹತಿ ತಿರುವನಂತಪುರದಲ್ಲಿ, ಮನೆ ಅದೇ ಊರಿನಲ್ಲಿದ್ದರೂ ನೀಟ್ ಕೋಚಿಂಗ್ ಹಾಸ್ಟೆಲ್, ಫೋನ್ ಇಲ್ಲ. ನಾನು ಕೊಚ್ಚಿಯ ಕಾಕ್ಕನಾಡಿನಲ್ಲಿ, ಕಾಲೇಜು ಹಾಸ್ಟೆಲ್, ಫೋನ್ ಇದೆ. ಜೂನ್‌ನಲ್ಲಿ ಪಾಸ್‌ವರ್ಡ್ ಕೊಟ್ಟು ಹೇಳಿದ್ದಳು — "ಬಿಡಬೇಡ ಕಣೇ. ವಾಪಸ್ ಬಂದಾಗ ಅದೊಂದಾದ್ರೂ ಇರ್ಲಿ."

ಬಸ್ ಹೋಗುತ್ತದೆ…

ಆಗಸ್ಟ್ 23, ಶನಿವಾರ

ಗೋಡೆ ಸಾಕಾಯಿತು. ಇವತ್ತು ಅವಳ ಕಡೆಯಿಂದ ಕಿಟಕಿಯಾಚೆಯ ಹಲಸಿನ ಮರ, ಕೆಳಗೆ "ಮಿಸ್ ಯೂ ಐಶು". ನನ್ನ ಅಕೌಂಟಿಗೆ ಬಂದು ತೆರೆದೆ. ಅವಳೇ ಬರೆದಳು ಅನ್ನಿಸಿತು. ನಿಜವಾಗಿ. ಉದ್ದಕ್ಕೆ ಉತ್ತರ ಬರೆದೆ — ಕ್ಲಾಸಿನಲ್ಲಿ ಹೆಸರು ಕರೆದರೆ ಎದೆ ಹೊಡೆದುಕೊಳ್ಳುವುದು, ಲ್ಯಾಬಿನಲ್ಲಿ ಬೀಕರ್ ಒಡೆದದ್ದು, ಎಲ್ಲಾ.

ರೂಮ್‌ಮೇಟ್ ಕೃಪಾ ಹಿಂದೆ ನಿಂತು ನೋಡುತ್ತಿದ್ದಳು. ಕಾಸರಗೋಡಿನವಳು.

"ನೀನು ನಿನಗೇ ಕಳಿಸುದಾ?"

"ಫ್ರೆಂಡ್ ಪರವಾಗಿ."

"ಉತ್ತರ ಕೊಡುದು?"

"ಅದೂ ನಾನೇ."

"ಒಬ್ಬಳೇ ಕೇರಂ ಆಡಿದ ಹಾಗೆ. ಸೋತದ್ದು ಯಾರು ಮಾರಾಯ್ತಿ?"

ನಕ್ಕೆ. ಅವಳು ನಗಲಿಲ್ಲ.

ಸೆಪ್ಟೆಂಬರ್ 3, ಬುಧವಾರ, ತಿರುವನಂತಪುರ

ಓಣಂ ರಜೆ. ಮನೆ. ಅಪ್ಪ ರಜೆಯಲ್ಲೂ ಸ್ಪೇಸ್ ಸೆಂಟರಿಗೆ. ಅಮ್ಮ ಬೆಳಿಗ್ಗೆಯಿಂದ — "ಮಹತೀನ ನೋಡ್ಕೊಂಡು ಬಾರೇ, ಹಬ್ಬಕ್ಕಾದ್ರೂ ವಿಸಿಟರ್ಸ್ ಬಿಡ್ತಾರೆ." ಅವಳ ಹಾಸ್ಟೆಲ್ ಇರುವ ಪಟ್ಟಂ ಬಸ್ಸಿನಲ್ಲಿ ಇಪ್ಪತ್ತು ನಿಮಿಷ. ನಾಳೆ ಅಂದೆ. ನಿನ್ನೆಯೂ ಅಂದಿದ್ದೆ. ಹೋಗಿ ಮಾತಾಡುವುದೇನು? ದಿನಾ ಮಾತಾಡುತ್ತಲೇ ಇದ್ದೇವಲ್ಲ.

ಮೇಲಿನ ಸಾಲು ಮತ್ತೆ ಓದಿದೆ. ಹೊಡೆದು ಹಾಕಲಿಲ್ಲ. 447.

ಸೆಪ್ಟೆಂಬರ್ 12, ಶುಕ್ರವಾರ, ಸಂಜೆ 5.15

ಇದ್ದದ್ದನ್ನು ಇದ್ದಂತೆ ಬರೆಯಬೇಕು.

ಕ್ಯಾಂಟೀನಿನಲ್ಲಿ ಕೂತಿದ್ದೆ. ನನ್ನ ಅಕೌಂಟಿನಿಂದ "ಇವತ್ತು ಯಾಕೋ ಬೇಜಾರು" ಅಂತ ಕಳಿಸಿದೆ. ಕೆಳಗೆ ಮೂಡಿತು — ಮಹತಿ ಟೈಪ್ ಮಾಡುತ್ತಿದ್ದಾಳೆ. ಮಹತಿ ಟೈಪ್ ಮಾಡುವುದೆಂದರೆ ನಾನು ಟೈಪ್ ಮಾಡುವುದು. ನಾನು ಮಾಡುತ್ತಿರಲಿಲ್ಲ. ನಿಂತಿತು. ಮತ್ತೆ ಶುರುವಾಯಿತು. ಒಂದು ನಿಮಿಷ, ಎರಡು…

ಲಾಗ್ ಔಟ್ ಮಾಡಿ ಅವಳ ಅಕೌಂಟಿಗೆ ನುಗ್ಗಿದೆ. ಒಳಗೆ ಹೊಸ ಮೆಸೇಜ್ ಏನೂ ಇಲ್ಲ. ಅಷ್ಟರಲ್ಲಿ ನನ್ನನ್ನು ಹೊರಗೆ ಹಾಕಿತು — ಬೇರೆ ಫೋನಿನಲ್ಲಿ ಲಾಗ್ ಇನ್ ಆಗಿದೆಯಂತೆ. ಒಂದು ಅಕೌಂಟ್ ಒಂದು ಸಲಕ್ಕೆ ಒಂದೇ ಫೋನಿನಲ್ಲಿ. ಮತ್ತೆ ಹೋದೆ. ಮತ್ತೆ ಹೊರಗೆ. ಮೂರು ಸಲ.

ಕ್ಲಾಸ್‌ಮೇಟ್ ಅಶ್ರಫ್ ಎದುರಿಗೇ ಇದ್ದ. ಬಾಯಿತುಂಬ ಪರೋಟ. "ಎಡೀ, ಹ್ಯಾಕರ್ ಆಣ್. ಪಾಸ್‌ವರ್ಡ್ ಮಾಟ್ಟ್, ವೇಗಂ." ಅವನೆಂದಂತೆ ಬೇಗ ಪಾಸ್‌ವರ್ಡ್ ಬದಲಿಸಿದೆ. ಆಮೇಲೆ ಯಾರೂ ಹೊರಗೆ ಹಾಕಲಿಲ್ಲ. ಅವಳ ಕಡೆಯಿಂದ ಒಂದು ಹಾರ್ಟ್ ಕಳಿಸಿದೆ. 456.

ಅವಳ ನಂಬರಿಗೆ ಫೋನ್ ಮಾಡಿದೆ. ಸ್ವಿಚ್ ಆಫ್, ಜೂನ್‌ನಿಂದ ಹಾಗೇ.

ಸೆಪ್ಟೆಂಬರ್ 14, ಭಾನುವಾರ

ಕುಸುಮಾವತಿ ಆಂಟಿ ಫೋನ್ ಮಾಡಿದ್ದರು. ಮಹತಿಯ ಅಮ್ಮ. ಮೆಲ್ಲಗೆ ಮಾತಾಡಿದರು, ಪಕ್ಕದ ರೂಮಿನಲ್ಲಿ ಯಾರೋ ಮಲಗಿರುವ ಹಾಗೆ.

"ಮಹತಿ ಮನೇಲೇ ಇದಾಳಮ್ಮ. ಜುಲೈನಲ್ಲೇ ಕೋಚಿಂಗ್ ಬಿಟ್ಟು ಬಂದ್ಲು. ನಿಮ್ಮಮ್ಮಂಗೂ ಹೇಳಿಲ್ಲ… ಕನ್ನಡ ಸಂಘದಲ್ಲಿ ಎಲ್ರೂ ಕೇಳ್ತಾರೆ. ರೂಮಿಂದ ಆಚೆ ಬರಲ್ಲ. ನಮ್ಮ ಹತ್ರ ಮಾತಿಲ್ಲ."

ನಾನು ಎದ್ದು ಕಾರಿಡಾರಿಗೆ ಬಂದೆ. ಆಂಟಿ ಮುಂದುವರಿಸಿದರು.

"ಸಿಮ್ ಬೇಡ ಅಂದ್ಲು. ವೈಫೈನಲ್ಲಿ ನಿಮ್ಮ ಚಾಟ್ ಒಂದು ನೋಡ್ತಾಳೆ. ನಿನ್ನ ಹೆಸರ ಪಕ್ಕ ನಂಬರ್ ಇರತ್ತಲ್ಲ, ದಿನಾ ಮಾತಾಡಿದ್ರೆ ಮಾತ್ರ ಏರತ್ತಂತೆ. ಸದ್ಯ, ಐಶು ಹತ್ರಾನಾದ್ರೂ ಮಾತಾಡ್ತಾಳಲ್ಲ ಅಂತ ಡಾಕ್ಟರ್ ಹತ್ರಾನೂ ಕರ್ಕೊಂಡು ಹೋಗ್ಲಿಲ್ಲ. ಶುಕ್ರವಾರ ಸಂಜೆ ಏನೋ ಬರೀತಾ ಕೂತಿದ್ಲು. ಆಮೇಲೆ ಫೋನ್ ಎಸೆದ್ಲು. ಆವತ್ತಿಂದ ಊಟಾನೂ ಇಲ್ಲ. ಜಗಳ ಏನಾದ್ರೂ ಆಯ್ತೇನಮ್ಮ?"

"ಇಲ್ಲ ಆಂಟಿ. ಇಲ್ಲಿ ನೆಟ್ ಇರಲಿಲ್ಲ" ಅಂದೆ.

ಅಂದುಬಿಟ್ಟೆ.

ಅದೇ ದಿನ, ಸಂಜೆ

ಎರಡು ತಿಂಗಳು. ಪ್ರತಿ ಬೆಳಿಗ್ಗೆ ನಾನು ಅವಳ ಅಕೌಂಟಿಗೆ ಹೋದಾಗಲೆಲ್ಲ ಅವಳ ಫೋನ್ ಅವಳನ್ನು ಹೊರಗೆ ಹಾಕಿದೆ. ಅವಳು ಮತ್ತೆ ಬಂದು ಓದಿದ್ದಾಳೆ — ತಾನು ನನಗೆ ಏನು ಬರೆದೆ ಅಂತ. ತಾನು ನನ್ನನ್ನು ಮಿಸ್ ಮಾಡಿಕೊಳ್ಳುತ್ತಿದ್ದೇನೆ ಅಂತ. ಪಾಸ್‌ವರ್ಡ್ ಬದಲಿಸಬಹುದಿತ್ತು, ಬದಲಿಸಲಿಲ್ಲ. ಕೊನೆಗೆ ಒಂದು ದಿನ ತಾನೇ ಏನೋ ಹೇಳಲು ಹೊರಟಳು. ಬಾಗಿಲು ಹಾಕಿದವಳು ನಾನು.

ಕೃಪಾಳಿಗೆ ಹೇಳಿದೆ. ಅವಳು ಬ್ಯಾಗಿಗೆ ನನ್ನ ಬಟ್ಟೆ ತುಂಬತೊಡಗಿದಳು. "ಮೆಸೇಜ್ ಮಾಡ್ಬೇಡ. ಹೋಗು. ಅಟೆಂಡೆನ್ಸ್ ನಾನು ನೋಡ್ತೇನೆ."

ಸೆಪ್ಟೆಂಬರ್ 15, ಸೋಮವಾರ, ಮಧ್ಯಾಹ್ನ 2.30, ತಿರುವನಂತಪುರದ ಉಳ್ಳೂರು, ಮಹತಿಯ ಮನೆ

ಅವಳ ರೂಮಿನ ಹೊರಗೆ, ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ. ತೊಡೆಯ ಮೇಲೆ ಈ ಡೈರಿ.

ಆಂಟಿಗೆ ಹೊಸಿಲಲ್ಲೇ ಹೇಳಿದೆ. ಎಲ್ಲಾ ನಾನೇ, ಎರಡೂ ಕಡೆ ನಾನೇ. ನನ್ನ ಬ್ಯಾಗ್ ಹಿಡಿದುಕೊಂಡೇ ನಿಂತರು. "ಅಂದ್ರೆ ಇಷ್ಟು ದಿನದಿಂದ ಅವಳು ಯಾರ ಹತ್ರಾನೂ…" ಮುಗಿಸಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಳಗೆ ಹೋಗಿ ಡಾಕ್ಟರಿಗೆ ಫೋನ್ ಹಚ್ಚಿದರು.

ಬಾಗಿಲು ಬಡಿದೆ. ಹೆಸರು ಕರೆದೆ. ಮತ್ತೆ ಬಡಿದೆ. ಒಳಗಿನಿಂದ —

"ಇವತ್ತು ನಾನು ಏನು ಕಳಿಸ್ತೀನಿ, ಹೇಳು. ಚೆನ್ನಾಗಿ ಬರೀತೀಯಲ್ಲ."

ಅವಳ ದನಿ ಮರೆತೇಹೋಗಿತ್ತು. ನಾನು ಬರೆಯುವ ಮಹತಿಗೆ ಬೇರೆ ದನಿ ಇತ್ತು.

"ಗೊತ್ತಿಲ್ಲ" ಅಂದೆ.

ಆಮೇಲೆ ಏನೋ ಎಳೆದ ಸದ್ದು. ಬಾಗಿಲ ಹಲಗೆ ಒಂಚೂರು ಅಲುಗಿತು. ಆ ಕಡೆ ಒರಗಿ ಕೂತಿರಬೇಕು. ನನ್ನ ಬೆನ್ನಿಗೆ ಸರಿಯಾಗಿ.

"ಶುಕ್ರವಾರ ಏನು ಬರೀತಿದ್ದೆ?" ಕೇಳಿದೆ.

ಡೈರಿ ತೆಗೆದು ಇದಿಷ್ಟೂ ಬರೆಯತೊಡಗಿದೆ. ಹತ್ತು ನಿಮಿಷವಾಯಿತು. ಉಸಿರು ಮಾತ್ರ ಕೇಳುತ್ತಿದೆ, ನನ್ನದೋ ಅವಳದೋ. ಪುಟ ತಿರುವಿದೆ.

"ಬರೀತಿದ್ದೀಯಾ?" ಅಂದಳು ಈಗ. "ನಾನು ಹೇಳೋಕ್ಮುಂಚೆ ಬರೀಬೇಡ ಐಶು."

ಸರಿ. ಇಲ್ಲಿಗೆ