ಮರುಆಟಿಯ ನೀರಿಗೆ ಯಾವ ಹಲಗೆ

ಕಡಲೇರಿಕೆಯ ನೂರ ನಲವತ್ತಮೂರನೇ ವರ್ಷ,
ಮರುಆಟಿ ತಿಂಗಳ ಮೂವತ್ತೆರಡನೇ ದಿನ, ಮಧ್ಯಾಹ್ನ

ಹಿಂದಿನವರಿಗೆ ರುಕ್ಮಯ ಮೆಂಡನ್ ಮಾಡುವ ನಮಸ್ಕಾರ.

ಮೇಲಿನ ತಾರೀಕನ್ನು ನಿಮ್ಮ ಕ್ಯಾಲೆಂಡರಿನಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಮಳೆಗಾಲ ಉದ್ದವಾಗುತ್ತಾ ಹೋಗಿ ತುಳುವರ ಆಟಿ ತಿಂಗಳೊಳಗೆ ಮುಗಿಯದಾದಾಗ ನಮ್ಮ ಅಜ್ಜಂದಿರು ಅದರ ಬೆನ್ನಿಗೆ ಇನ್ನೊಂದು ತಿಂಗಳನ್ನು ಕಟ್ಟಿದರು. ಅದಕ್ಕೆ ನಲವತ್ತು ದಿನ, ಹೆಸರು ಮರುಆಟಿ. ನೀವು ಇರುವಲ್ಲಿಂದ ಸುಮಾರು ಇನ್ನೂರು ವರ್ಷ ಆಚೆ ಕುಳಿತು ಬರೆಯುತ್ತಿದ್ದೇನೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮೆ ಇರಲಿ. ವರ್ಷಕ್ಕೊಮ್ಮೆ ಹೀಗೆ ಹಿಂದಿನವರಿಗೆ ಪತ್ರ ಬರೆದು ಇಳಿತದ ನೀರಿಗೆ ಬಿಡುವುದು ನಮ್ಮಲ್ಲಿ ರೂಢಿ. ಇದಕ್ಕೆ ಹಿಂದಂಚೆ ಎನ್ನುತ್ತೇವೆ. ತಲುಪುತ್ತದೆಯೋ ಇಲ್ಲವೋ ಕಂಡವರಿಲ್ಲ. ಹೆಚ್ಚಿನವರು ನಿಮಗೆ ಬೈಯುವುದಕ್ಕೇ ಬರೆಯುತ್ತಾರೆ, ಕಡಲು ಮನೆಯೊಳಗೆ ಬಂದದ್ದಕ್ಕೆ. ನನಗೆ ಬೈಯುವಷ್ಟು ಪುರುಸೊತ್ತಿಲ್ಲ. ನನಗೆ ನಿಮ್ಮಿಂದ ಒಂದು ಕೆಲಸ ಆಗಬೇಕಾಗಿದೆ.

ನಿಮ್ಮ ಕಾಲದ ಮೂಲ್ಕಿ ಈಗ ನೀರಿನ ಅಡಿಯಲ್ಲಿದೆ. ಪೂರ್ತಿ ಅಲ್ಲ, ಎತ್ತರದ ಮನೆಗಳ ತಾರಸಿ, ನೀರಿನ ಟ್ಯಾಂಕುಗಳು, ಹೆದ್ದಾರಿ ಸೇತುವೆಯ ದೀಪದ ಕಂಬಗಳು ಇಳಿತದಲ್ಲಿ ತಲೆ ಎತ್ತುತ್ತವೆ. ನೀವು ಸರ್ಫಿಂಗ್ ಎನ್ನುತ್ತಿದ್ದದ್ದನ್ನು ನಾವು ಅಲೆ ಏರುವುದು ಎನ್ನುತ್ತೇವೆ. ನಿಮಗೆ ಅದು ಮೋಜಾಗಿತ್ತಂತೆ, ನಮಗೆ ಉದ್ಯೋಗವಾಗಿತ್ತು. ದೋಣಿಗಳು ಗೋಡೆಗೆ ಬಡಿಯದಂತೆ ಎಲ್ಲೆಲ್ಲಿ ಏನೇನು ಮುಳುಗಿದೆ ಎಂದು ನೋಡಿ ಬಿದಿರಿನ ಗುರುತು ನೆಡಬೇಕಿತ್ತು. ದೋಣಿ ಹೋಗಲಾರದ ಕಡೆ ಹಲಗೆ ಹೋಗುತ್ತದೆ. ಅಡಿಯಲ್ಲಿ ಏನಿದೆಯೋ ಅದೇ ಅಲೆಯ ಹೆಸರು. ಪೆಟ್ರೋಲ್ ಬಂಕಿನ ಮಾಡಿನ ಮೇಲೆ ಏಳುವುದು ಬಂಕ್ ಅಲೆ. ಕಡಿದಾಗಿ ಎದ್ದು ಒಮ್ಮೆಲೇ ಕವುಚಿಕೊಳ್ಳುತ್ತದೆ. ಶಾಲೆಯ ಮೈದಾನದ ಮೇಲೆ ಬರುವುದು ಮೈದಾನದ ಅಲೆ. ಅದಕ್ಕೆ ಅವಸರವೇ ಇಲ್ಲ, ಮಧ್ಯಾಹ್ನದ ಊಟ ಮುಗಿಸಿ ಬಂದಂತೆ ಬರುತ್ತದೆ. ಈಗ ದೋಣಿಗಳು ಉತ್ತರದ ಹೊಸ ಬಂದರಿಗೆ ಹೋಗುವುದರಿಂದ ಗುರುತು ಯಾರಿಗೂ ಬೇಡ. ಒಂದು ಕಾಲಕ್ಕೆ ಇಪ್ಪತ್ತಾರು ಜನ ಇದ್ದ ಹಲಗೆ ಕೊಟ್ಟಿಗೆಯಲ್ಲಿ ಈಗ ಇರುವವನು ನಾನೊಬ್ಬನೇ. ಮಾತಾಡದೆ ನಾಲ್ಕು ದಿನವಾದರೆ ಗಂಟಲು ಒಣಗುತ್ತದೆ. ಆಗ ಹಲಗೆಗಳ ಹೆಸರು ಹಿಡಿದು ಕರೆದು ನೋಡುತ್ತೇನೆ, ಸ್ವರ ಇದೆಯೋ ಇಲ್ಲವೋ ಎಂದು.

ಕೊಟ್ಟಿಗೆಯಲ್ಲಿ ನಾಲ್ಕು ಹಲಗೆಗಳಿವೆ, ನಾಲ್ಕೂ ಬೂರುಗದ ಮರದವು, ನಾಲ್ಕನ್ನೂ ಕೆತ್ತಿದ್ದು ವಾರಿಜಕ್ಕ. ಅವರ ಬಗ್ಗೆ ಆಮೇಲೆ ಬರೆಯುತ್ತೇನೆ. ಮೊದಲನೆಯದು ದೊಡ್ಡಮ್ಮ: ಒಂಬತ್ತೂವರೆ ಅಡಿ ಉದ್ದ, ದಪ್ಪ, ಮುಂದಿನ ತುದಿ ಉರುಟು, ಅಡಿಯಲ್ಲಿ ಒಂದೇ ರೆಕ್ಕೆ. ಸಣ್ಣ ಸೋಮಾರಿ ಅಲೆಗೆ ಅದೇ ಸರಿ. ಬೇಗ ತಿರುಗುವುದಿಲ್ಲ, ಆದರೆ ಬೀಳಿಸುವುದೂ ಇಲ್ಲ. ಎರಡನೆಯದು ಆರು ಅಡಿಯ ತೆಳ್ಳಗಿನ ಚೂರಿ, ಮೂರು ರೆಕ್ಕೆಯದ್ದು. ಬಂಕ್ ಅಲೆಯಂಥ ಕಡಿದಾದ ನೀರಿಗೆ ಮಾಡಿದ್ದು. ಮೈದಾನದ ಅಲೆಗೆ ತಂದರೆ ಮುಳುಗಿ ಕೂರುತ್ತದೆ. ಮೀನುಬಾಲ ಎಂಬುದು ಗಿಡ್ಡ, ಅಗಲ, ಹಿಂದಿನ ತುದಿ ಎರಡಾಗಿ ಸೀಳಿದ್ದು, ಅಡಿಯಲ್ಲಿ ಎರಡು ರೆಕ್ಕೆ. ಹದವಾದ ಅಲೆಯಲ್ಲಿ ಅದರಷ್ಟು ಖುಷಿ ಕೊಡುವ ಹಲಗೆ ಇನ್ನೊಂದಿಲ್ಲ. ಕೊನೆಯದು ಹೊಳೆಹಲಗೆ. ಮಳೆಯ ಸಿಹಿನೀರು ಕಡಲಿಗೆ ಸೇರುವ ಅಳಿವೆಯಲ್ಲಿ ನೀರು ಉಪ್ಪುನೀರಿನಷ್ಟು ಎತ್ತಿ ಹಿಡಿಯುವುದಿಲ್ಲ, ಹಾಗಾಗಿ ಅದನ್ನು ಎರಡು ಬೆರಳು ಹೆಚ್ಚು ದಪ್ಪ ಮಾಡಿದ್ದಾರೆ. ಅದರ ರೆಕ್ಕೆ ಗಿಡ್ಡ, ತಾರಸಿಗೆ ತಾಗಿ ಮುರಿಯಬಾರದೆಂದು.

ಹಲಗೆ ಒಂದೇ ಸಾಲದು. ಮೇಣ ನೋಡಬೇಕು. ಬೇಸಿಗೆಯ ಬಿಸಿನೀರಿಗೆ ರಾಳ ಹೆಚ್ಚು ಹಾಕಿದ ಗಟ್ಟಿ ಮೇಣ ಬಳಿಯಬೇಕು, ಇಲ್ಲದಿದ್ದರೆ ಕರಗಿ ಪಾದ ಜಾರುತ್ತದೆ. ಗುಡ್ಡದ ನೀರು ಇಳಿದು ಕಡಲು ತಣ್ಣಗಾದಾಗ ತೆಂಗಿನೆಣ್ಣೆ ಬೆರೆಸಿದ ಮೆತ್ತನೆಯದು. ಚಿಪ್ಪು ಹಿಡಿದ ಗೋಡೆಗಳಿರುವಲ್ಲಿ ಕಾಲಿಗೆ ರಬ್ಬರಿನ ಚೀಲ, ತಾಗಿದರೆ ಮೈ ಉರಿಸುವ ಅಂಬಲಿಮೀನು ಬರುವ ವಾರದಲ್ಲಿ ತುಂಬುತೋಳಿನ ಅಂಗಿ. ಎಲ್ಲಕ್ಕಿಂತ ಹೆಚ್ಚಿನದು ಹಗ್ಗ. ತೆರೆದ ಕಡಲಿನಲ್ಲಿ ಹಲಗೆ ಕೈತಪ್ಪಿ ಹೋಗದಂತೆ ಕಾಲುಹಗ್ಗ ಕಟ್ಟುತ್ತೇವೆ, ಹಲಗೆಯಷ್ಟೇ ಉದ್ದದ್ದು, ಒಂದು ತುದಿ ಹಲಗೆಗೆ, ಇನ್ನೊಂದು ಕಣಕಾಲಿಗೆ. ಆದರೆ ನೀರು ಹರಿಯುವಲ್ಲಿ, ಕಂಬ ಇರುವಲ್ಲಿ ಕಾಲುಹಗ್ಗ ಬೇಡವೇ ಬೇಡ. ಅಲ್ಲಿಗೆ ಸೊಂಟಹಗ್ಗ. ಹೊಟ್ಟೆಯ ಮುಂದೆ ಮರದ ಗುಂಡಿ ಇರುತ್ತದೆ. ಒಮ್ಮೆ ಎಳೆದರೆ ಹಗ್ಗ ಬಿಟ್ಟುಕೊಂಡು ಮನುಷ್ಯ ಹೊರಗೆ ಬರುತ್ತಾನೆ. ಇದನ್ನು ನಮ್ಮಲ್ಲಿ ಈಜು ಕಲಿಯುವ ಮೊದಲೇ ಕಲಿಸುತ್ತಾರೆ.

ಇನ್ನು ನಮ್ಮ ಕಟ್ಟುಪಾಡು. ನಿಮ್ಮ ಕಾಲದವರು ತಮ್ಮ ಹಲಗೆಯನ್ನು ತಾವೇ ಆರಿಸಿಕೊಳ್ಳುತ್ತಿದ್ದರಂತೆ. ನಮ್ಮಲ್ಲಿ ಹಾಗಿಲ್ಲ. ನೀರಿಗಿಳಿಯುವವನಿಗೆ ಆಸೆ ಇರುತ್ತದೆ, ಆಸೆ ಇದ್ದವನಿಗೆ ಅಲೆ ಯಾವಾಗಲೂ ತನಗೆ ಬೇಕಾದಂತೆಯೇ ಕಾಣುತ್ತದೆ. ಅದಕ್ಕೇ ಇನ್ನೊಬ್ಬರು ನೋಡಿ ಕೊಡಬೇಕು. ಕೊಡುವವರನ್ನು ನೀರ್ಗಣ್ಣು ಎನ್ನುತ್ತೇವೆ. ಇಳಿಯುವವರು ಕಡಲಿಗೆ ಬೆನ್ನು ಹಾಕಿ ನಿಲ್ಲಬೇಕು, ನೀರ್ಗಣ್ಣು ಅವರ ಎದುರು ನಿಂತು ಹೆಗಲ ಮೇಲಿಂದ ನೀರು ನೋಡಿ, ಒಳಗೆ ಹೋಗಿ ಹಲಗೆ, ಹಗ್ಗ, ಮೇಣ ತಂದುಕೊಡಬೇಕು. ಕೊಟ್ಟದ್ದನ್ನು ಪ್ರಶ್ನಿಸುವಂತಿಲ್ಲ. ಕೊಡದಿದ್ದರೆ ಹೋಗುವಂತಿಲ್ಲ.

ವಾರಿಜಕ್ಕ ಮೂವತ್ತೊಂದು ವರ್ಷ ನನ್ನ ನೀರ್ಗಣ್ಣು, ನಾನು ಅವರದ್ದು. ನನಗಿಂತ ಐದು ವರ್ಷಕ್ಕೆ ದೊಡ್ಡವರು, ಮಾತು ಖಾರ, ಕೈ ಮಾತ್ರ ಬಹಳ ನಾಜೂಕು. ನನಗೆ ಚೂರಿಯ ಮೇಲೆ ಹುಚ್ಚು. ಅವರು ಹತ್ತರಲ್ಲಿ ಒಂಬತ್ತು ದಿನ ದೊಡ್ಡಮ್ಮನನ್ನೇ ತಂದು ನನ್ನ ಕೈಗೆ ಕೊಡುತ್ತಿದ್ದರು. ನಾನು ಮುಖ ಊದಿಸಿಕೊಂಡರೆ, “ನಿನ್ನ ಮೂತಿ ನೋಡಿ ಕೊಡ್ಲಿಕ್ಕೆ ಇದೆಂತ ಮದುವೆ ಸೀರೆಯಾ ಮಾರಾಯ? ನೀರು ಹೇಳಿದ್ದನ್ನು ಕೊಟ್ಟಿದ್ದೇನೆ, ತಕ್ಕೊಂಡು ಹೋಗು” ಎನ್ನುತ್ತಿದ್ದರು. ಅವರಿಗೆ ಕೊಡುವ ಸರದಿ ನನ್ನದಾದಾಗ, ನಾನು ಅವರನ್ನೇ ನೋಡುತ್ತಾ ನಿಂತರೆ ಗದರುತ್ತಿದ್ದರು. “ನನ್ನ ಮುಖ ನೋಡಿ ಎಂತ ಮಾಡ್ತಿ ರುಕ್ಮ? ಹೆಗಲಿಂದಾಚೆ ನೋಡು.” ಮದುವೆಯಾಗದ ನನಗೂ, ಗಂಡನನ್ನು ಬೇಗ ಕಳೆದುಕೊಂಡ ಅವರಿಗೂ ಅದೊಂದು ಸಂಸಾರವೇ ಆಗಿತ್ತು ಎಂದು ಈಗ ಅನಿಸುತ್ತದೆ. ಆಗ ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಆರು ವರ್ಷದ ಹಿಂದೆ ಬೆನ್ನುನೋವಿನಿಂದ ಎರಡು ತಿಂಗಳು ಮಲಗಿದ್ದವರು ಇದೇ ಮರುಆಟಿಯಲ್ಲಿ ಎದ್ದರು. ಎದ್ದ ದಿನ ಬೆಳಿಗ್ಗೆಯೇ ಕೊಟ್ಟಿಗೆಗೆ ಬಂದು ಕಡಲಿಗೆ ಬೆನ್ನು ಹಾಕಿ ನಿಂತರು. ಅವರ ಹಿಂದೆ ಅಳಿವೆಯಲ್ಲಿ ಗುಡ್ಡದ ಮಣ್ಣು ಬೆರೆತ ಕೆಂಪು ನೀರು ಸೇತುವೆಯ ದೀಪದ ಕಂಬಗಳ ನಡುವೆ ಜೋರಾಗಿ ಇಳಿಯುತ್ತಿತ್ತು. ಕೊಡುವುದಾದರೆ ಹೊಳೆಹಲಗೆ, ಸೊಂಟಹಗ್ಗ. ನಿಜ ಹೇಳಬೇಕೆಂದರೆ ಏನೂ ಕೊಡದೆ ಮನೆಗೆ ಕಳಿಸಬೇಕಾದ ನೀರು ಅದು. ನಾನು ಅದನ್ನು ನೋಡಿದೆ, ಆಮೇಲೆ ಅವರ ಮುಖವನ್ನೂ ನೋಡಿದೆ. ಎರಡು ತಿಂಗಳು ಮಲಗಿ ಬಾಡಿದ ಮುಖ, ಆವತ್ತು ಅಷ್ಟು ಆಸೆಯಿಂದ ನಿಂತಿತ್ತು. ಒಳಗೆ ಹೋದವನು ಮೀನುಬಾಲವನ್ನು ತಂದೆ. ಅದು ಅವರ ಇಷ್ಟದ ಹಲಗೆ. ಅದಕ್ಕೆ ಯಾವಾಗಲೂ ಇರುತ್ತಿದ್ದ ಕಾಲುಹಗ್ಗವನ್ನು ಬಿಚ್ಚಲಿಲ್ಲ. ಅವರು ಹಲಗೆಯನ್ನೂ ಹಗ್ಗವನ್ನೂ ನೋಡಿದರು. “ನೀರು ನೋಡಿದಿಯಾ?” ಎಂದರು. “ನೋಡಿದೆ ಅಕ್ಕ” ಎಂದೆ. ಅವರು ನಂಬಿದರು. ಎಳೆಯ ಹುಡುಗಿಯ ಹಾಗೆ ನಕ್ಕುಬಿಟ್ಟರು.

ಎರಡು ಅಲೆ ಚೆನ್ನಾಗಿ ಏರಿದರು. ಮೂರನೆಯದರಲ್ಲಿ ಬಿದ್ದಾಗ ಸೆಳೆತ ಅವರನ್ನು ಕಂಬದ ಒಂದು ಬದಿಗೆ, ಹಲಗೆಯನ್ನು ಇನ್ನೊಂದು ಬದಿಗೆ ಒಯ್ದಿತು. ಹಗ್ಗ ಕಂಬಕ್ಕೆ ಸುತ್ತಿಕೊಂಡಿತು. ಅಂಥ ಹರಿವಿನಲ್ಲಿ ಬಗ್ಗಿ ಕಣಕಾಲಿಗೆ ಕೈ ಹಾಕುವುದು ಯಾರಿಂದಲೂ ಆಗುವುದಿಲ್ಲ. ನಾನು ಹೊಳೆಹಲಗೆ ಎಳೆದುಕೊಂಡು ಅಲ್ಲಿಗೆ ತಲುಪುವಾಗ ಎಲ್ಲ ಮುಗಿದಿತ್ತು. ಗುಡ್ಡದ ಮೇಲಿನ ಊರಿನವರಿಗೆ ನಾನು ಹೇಳಿದ್ದು, ನೀರು ಒಮ್ಮೆಲೇ ತಿರುಗಿತು ಎಂದು. ಅವರು ನನ್ನ ಬೆನ್ನು ಸವರಿ ಸಮಾಧಾನ ಮಾಡಿದರು. ನೀರು ತಿರುಗಿರಲಿಲ್ಲ. ಅದು ಮೊದಲಿನಿಂದಲೂ ಹಾಗೆಯೇ ಇತ್ತು. ಇದನ್ನು ನಾನು ಮೊದಲ ಬಾರಿಗೆ ಹೇಳುತ್ತಿರುವುದು ನಿಮಗೆ.

ಆವತ್ತಿನಿಂದ ನಾನು ಅಲೆ ಏರಿಲ್ಲ. ಈಗ ಗುಡ್ಡದ ಪಂಚಾಯಿತಿ ತೀರ್ಮಾನ ಮಾಡಿದೆ: ಮರುಆಟಿ ಮುಗಿಯುವುದರೊಳಗೆ ಇಲ್ಲಿಂದ ಯಾರೂ ನೀರಿಗಿಳಿಯದಿದ್ದರೆ ಕೊಟ್ಟಿಗೆ ಮುಚ್ಚಿ, ಹಲಗೆಗಳನ್ನು ಕೊಯ್ದು ಮನೆಗಳಿಗೆ ಬಾಗಿಲು ಮಾಡುವುದು. ಇನ್ನು ಎಂಟು ದಿನ ಇದೆ. ಅವರದ್ದು ತಪ್ಪಲ್ಲ, ಗುಡ್ಡದಲ್ಲಿ ಮರಕ್ಕೆ ಬರ. ಹೇಳಲು ಬಂದ ಕಾರ್ಯದರ್ಶಿ ಪ್ರಮೀಳಾಗೆ ನನ್ನ ಮೇಲೆ ಕನಿಕರವೂ ಇದೆ. “ನೀವು ಒಂದ್ಸಲ ಇಳಿದು ಬನ್ನಿ ರುಕ್ಮಯಣ್ಣ, ನಾನು ಬರೆದುಕೊಳ್ತೇನೆ. ಯಾವುದಾದರೂ ಒಂದು ಹಿಡ್ಕೊಂಡು ಹೋದರೆ ಆಯ್ತಲ್ಲ, ಎಲ್ಲ ಹಲಗೆಯೇ ಅಲ್ವಾ?” ಎಂದಳು. ಅವಳನ್ನೇ ನೀರ್ಗಣ್ಣಾಗಿ ನಿಲ್ಲಿಸೋಣವೆಂದು ನಾನು ಕಡಲಿಗೆ ಬೆನ್ನು ಹಾಕಿ ನಿಂತೆ. ಪಾಪ, ಅವಳು ನನ್ನ ಮುಖವನ್ನೇ ನೋಡಿದಳು. ಯಾವುದು ನನಗೆ ಬೇಕೆಂದು ಅಲ್ಲಿ ಹುಡುಕುತ್ತಿದ್ದಳು. ನಾನು ಬೇಡವೆಂದು ಒಳಗೆ ಹೋದೆ. ನಾನೇ ಆರಿಸೋಣವೆಂದರೆ ಕೈ ಪ್ರತಿಸಲ ಚೂರಿಯ ಕಡೆಗೇ ಹೋಗುತ್ತದೆ. ಅರವತ್ತಮೂರು ವರ್ಷವಾಯಿತು, ಕೈಗೆ ಇನ್ನೂ ಮೂವತ್ತು.

ಹಾಗಾಗಿ ನಿಮ್ಮನ್ನು ಕೇಳುತ್ತಿದ್ದೇನೆ. ನೀವು ನನ್ನನ್ನು ಕಂಡಿಲ್ಲ, ಕಾಣುವುದೂ ಇಲ್ಲ. ನನ್ನ ಬಗ್ಗೆ ನಿಮಗೆ ಪ್ರೀತಿಯೂ ಇಲ್ಲ, ಸಿಟ್ಟೂ ಇಲ್ಲ. ಈ ಕೆಲಸಕ್ಕೆ ಅಂಥವರೇ ಬೇಕು. ನನ್ನ ತೂಕ ಎಪ್ಪತ್ತೊಂದು ಕಿಲೋ, ಎಡಭುಜ ಪೂರ್ತಿ ಮೇಲೆ ಏಳುವುದಿಲ್ಲ, ಉಸಿರು ಪರವಾಗಿಲ್ಲ. ಈಗ ಬಾಗಿಲಲ್ಲಿ ನಿಂತು ನೋಡಿದರೆ ಗಾಳಿ ದಡದ ಕಡೆಯಿಂದ, ಮೆಲ್ಲಗೆ. ಮೈದಾನದ ಮೇಲೆ ಅಲೆ ಸೊಂಟದೆತ್ತರ, ಬಂಕಿನ ಮೇಲೆ ತಲೆಗಿಂತ ಸ್ವಲ್ಪ ಮೇಲೆ. ನೀರು ತಣ್ಣಗಿದೆ. ಅಳಿವೆಯಲ್ಲಿ ಕೆಂಪು ನೀರು ಇಳಿಯುತ್ತಿದೆ, ಅದರ ಸೆಳೆತ ಮೈದಾನದ ಅಂಚಿನವರೆಗೂ ಬರುತ್ತಿದೆ. ಮರುಆಟಿ ಮುಗಿಯುವವರೆಗೂ ಇದು ಹೀಗೇ ಇರುತ್ತದೆ. ಯಾವ ಹಲಗೆ, ಯಾವ ಹಗ್ಗ, ಯಾವ ಮೇಣ, ಮೂರೇ ಮಾತು ಸಾಕು.

ಉತ್ತರ ಕಳಿಸುವ ಬಗೆ ಸುಲಭ. ಮೂಲ್ಕಿಯಿಂದ ಪೂರ್ವಕ್ಕೆ ಕಿನ್ನಿಗೋಳಿಯ ಕಡೆ ಹೋದರೆ ಒಂದು ಗುಡ್ಡದ ನೆತ್ತಿಯಲ್ಲಿ ಎಮ್ಮೆ ಮಲಗಿದಂಥ ಕರಿಬಂಡೆ ಇದೆ. ಕಡಲು ಅಲ್ಲಿಗೆ ಬಂದಿಲ್ಲ. ಅದರ ಪಡುವಣ ಬದಿಯಲ್ಲಿ ಉಳಿಯಿಂದ ಆಳವಾಗಿ ಕೊರೆಯಿರಿ. ನೀವು ಕೊರೆದಿದ್ದರೆ ಅದು ಇನ್ನೂರು ವರ್ಷದಿಂದ ಅಲ್ಲೇ ಇದೆ, ನಾನು ಹುಟ್ಟುವ ಮೊದಲೇ ನನಗೆ ಉತ್ತರ ಬಂದಾಗಿದೆ. ಆ ಬದಿಗೆ ಹಾವಸೆ ದಪ್ಪವಾಗಿ ಬೆಳೆದಿದೆ. ಇಷ್ಟು ವರ್ಷ ಯಾರೂ ಕೆರೆದು ನೋಡಿಲ್ಲ. ಪತ್ರವನ್ನು ನೀರಿಗೆ ಬಿಟ್ಟ ಮೇಲೆ ಕತ್ತಿ ಹಿಡಿದುಕೊಂಡು ಅಲ್ಲಿಗೆ ಹೋಗುತ್ತೇನೆ.

ಒಂದೇ ಒಂದು ಕೇಳಿಕೆ. ಇಷ್ಟೆಲ್ಲ ಓದಿದ ಮೇಲೆ ಮುದುಕನ ಮೇಲೆ ನಿಮಗೆ ಅಯ್ಯೋ ಅನಿಸಬಹುದು, ಆಸೆಪಟ್ಟಿದ್ದಾನೆ, ಏನಾದರೂ ಒಂದು ಕೊಡೋಣ ಅನಿಸಬಹುದು. ದಯವಿಟ್ಟು ಹಾಗೆ ಮಾಡಬೇಡಿ. ನೀರನ್ನು ಮಾತ್ರ ನೋಡಿ. ಯಾವುದೂ ಬೇಡ, ಇಳಿಯಬೇಡ ಎಂದು ಕಂಡರೆ ಹಾಗೆಯೇ ಕೊರೆಯಿರಿ. ಓದಿ ನನಗೆ ಬೇಜಾರಾಗುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ರುಕ್ಮಯ ಮೆಂಡನ್
ಹಲಗೆ ಕೊಟ್ಟಿಗೆ, ಮೈದಾನದ ದಡ